ಮೈನಸ್ ಇಪ್ಪತ್ತರಲ್ಲಿಡಬೇಕಾದ ಪುಡಿ

ಆ ಪುಡಿ ನೋಡುವುದಕ್ಕೆ ಏನೇನೂ ಅಲ್ಲ. ಕಿರುಬೆರಳಿನಷ್ಟು ಉದ್ದದ ಕಂದು ಗಾಜಿನ ಸೀಸೆ, ಅದರ ತಳದಲ್ಲಿ ಒಂದು ಚಿಟಿಕೆ ಬಿಳಿ ಹುಡಿ. ಗೊತ್ತಿಲ್ಲದವರ ಕೈಗೆ ಕೊಟ್ಟರೆ ಅಡುಗೆ ಸೋಡ ಅಂದುಕೊಂಡು ಇಡ್ಲಿ ಹಿಟ್ಟಿಗೆ ಹಾಕಿಯಾರು. ಅದರ ಹೆಸರು ಎನ್‌ಎಡಿಪಿಎಚ್. ನಮ್ಮ ಮೈಯ ಜೀವಕೋಶಗಳಲ್ಲೆಲ್ಲ ಇರುವ ಒಂದು ಕೋಎಂಜೈಮು. ಎಂಜೈಮು ಗೋಡೆ ಕಟ್ಟುವ ಮೇಸ್ತ್ರಿ ಎಂದುಕೊಂಡರೆ ಇದು ಇಟ್ಟಿಗೆ ಎತ್ತಿಕೊಡುವ ಕೈ. ಆ ಕೈ ಇಲ್ಲದಿದ್ದರೆ ಮೇಸ್ತ್ರಿ ಎಷ್ಟು ಗಟ್ಟಿಗನಾದರೂ ಸುಮ್ಮನೆ ನಿಂತಿರಬೇಕು. ಮೈಯೊಳಗೆ ಕ್ಷಣಕ್ಷಣಕ್ಕೂ ತಾನಾಗಿ ತಯಾರಾಗುವ ಈ ವಸ್ತುವನ್ನು ಪ್ರಯೋಗಾಲಯದವರು ಮಾತ್ರ ಹೊರದೇಶದಿಂದ ತರಿಸಿಕೊಳ್ಳಬೇಕಿತ್ತು. ಅದಕ್ಕೆ ಬೆಳಕು ಆಗದು, ತೇವ ಆಗದು, ಸೆಕೆ ಅಂತೂ ಆಗಲೇ ಆಗದು. ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ, ಕತ್ತಲಲ್ಲಿ ಇಡಬೇಕು.

ಹಾಗೆ ಇಡುವುದೇ ನನ್ನ ಉದ್ಯೋಗವಾಗಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಕೆಮಿಸ್ಟ್ರಿ ಬಿ.ಎಸ್ಸಿ. ಮುಗಿಸಿ, ಬಿಳೇಕಹಳ್ಳಿಯ ಒಂದು ಪುಟ್ಟ ಏಜೆನ್ಸಿಗೆ ಸೇರಿದೆ. ಸಂಶೋಧನೆಗೆ ಬೇಕಾದ ರಾಸಾಯನಿಕಗಳನ್ನು ತರಿಸಿ ಊರಿನ ಲ್ಯಾಬುಗಳಿಗೆ ಕೊಡುವ ಏಜೆನ್ಸಿ. ಇದ್ದವರು ಇಬ್ಬರೇ, ಸಾರ್ ಮತ್ತು ನಾನು. ಅವರು ಏರ್‌ಪೋರ್ಟಿನ ಕಸ್ಟಮ್ಸ್ ಕಚೇರಿಯಲ್ಲಿ ಜಗಳವಾಡಿ ಥರ್ಮೊಕೋಲ್ ಪೆಟ್ಟಿಗೆಗಳನ್ನು ಬಿಡಿಸಿಕೊಂಡು ಬರುತ್ತಿದ್ದರು. ಐಸು ಕರಗುವುದರೊಳಗೆ ನಾನು ಅದನ್ನು ಬಿಚ್ಚಿ ಫ್ರೀಜರಿಗೆ ಸೇರಿಸುತ್ತಿದ್ದೆ. ಆಮೇಲೆ ಲ್ಯಾಬಿನವರು ಬಂದು ಒಯ್ಯುವವರೆಗೆ ಅದು ನನ್ನ ಜವಾಬ್ದಾರಿ.

ಕಟ್ಟಡ ಹಳೇ ಊರಿನ ಒಂದು ಕುಟುಂಬದ್ದು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಾಗಿ, ಅವರು ಮೂರು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದರು. ನಮ್ಮ ಫ್ರೀಜರ್ ಇದ್ದ ಹಿಂದಿನ ಕೋಣೆ ಮಾತ್ರ ಹಳೆಯದು, ಅವರ ದನದ ಕೊಟ್ಟಿಗೆ. ನೆಲಕ್ಕೆ ಸಿಮೆಂಟು ಬಳಿದಿದ್ದರೂ ಗೋಡೆಯಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಬಳೆಗಳು ಹಾಗೇ ಇದ್ದವು. ಮನೆಯ ಹಿರಿಯಜ್ಜಿ ದಿನಕ್ಕೊಮ್ಮೆಯಾದರೂ ಅಲ್ಲಿಗೆ ಬಂದು ನಿಂತು ಹೋಗುತ್ತಿದ್ದರು. ಕೋಣೆಯ ಇನ್ನೊಂದು ಬೀಗದ ಕೈ ಅವರ ಸೊಂಟದಲ್ಲೇ ಇತ್ತು.

ನನಗೆ ಎರಡು ವಿಷಯಗಳಲ್ಲಿ ಹೆಸರಿತ್ತು. ಒಂದು, ಮೂಗಿನ ತುದಿಯ ಕೋಪ. ಇನ್ನೊಂದು, ಫ್ರೀಜರಿನ ಪುಸ್ತಕ. ಬೆಳಗ್ಗೆ ಬಂದ ತಕ್ಷಣ ಒಂದು ಸಲ, ಸಂಜೆ ಹೋಗುವ ಮುಂಚೆ ಒಂದು ಸಲ ಒಳಗಿನ ಥರ್ಮಾಮೀಟರ್ ನೋಡಿ ಎಷ್ಟು ಡಿಗ್ರಿ ಎಂದು ಬರೆದಿಡುತ್ತಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ಶುರು ಮಾಡಿದ್ದು. ಗಿರಾಕಿಗಳು ಬಂದಾಗ ಸಾರ್ ಅದನ್ನು ತೆಗೆದು ತೋರಿಸುತ್ತಿದ್ದರು. "ನಮ್ಮ ಮೇಡಂ ಬರೆದಿದ್ದಾರೆ ಅಂದ್ರೆ ಮುಗೀತು ಸಾರ್, ಕಣ್ಣು ಮುಚ್ಕೊಂಡು ತಗೊಂಡ್ಹೋಗಿ" ಅನ್ನುತ್ತಿದ್ದರು. ನಾನು ಕೇಳಿಸದವಳ ಹಾಗೆ ತಲೆ ತಗ್ಗಿಸಿ ಬಿಲ್ಲು ಬರೆಯುತ್ತಿದ್ದೆ. ಒಳಗೊಳಗೆ ಉಬ್ಬುತ್ತಿದ್ದೆ. ಈಗ ಆ ಹೆಣ್ಣನ್ನು ನೆನೆಸಿಕೊಂಡರೆ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸುತ್ತದೆ.

ಆ ಪುಡಿಯನ್ನು ನಮ್ಮಲ್ಲಿ ಹೆಚ್ಚಾಗಿ ಒಯ್ಯುತ್ತಿದ್ದವಳು ಬಿಜಾಪುರದ ಕಡೆಯ ಒಬ್ಬ ಹುಡುಗಿ. ಬಿಟಿಎಂ ಲೇಔಟಿನಲ್ಲಿ ಒಂದು ಮನೆಯ ಮಾಳಿಗೆ ಕೋಣೆ ಬಾಡಿಗೆಗೆ ಹಿಡಿದು, ಊರಿನ ಒಂದು ಸಂಸ್ಥೆಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಬೇರೆ ಲ್ಯಾಬಿನವರು ಅಟೆಂಡರುಗಳನ್ನು ಕಳಿಸುತ್ತಿದ್ದರು. ಇವಳು ಯಾರನ್ನೂ ನಂಬುತ್ತಿರಲಿಲ್ಲ. ಐಸು ತುಂಬಿದ ಥರ್ಮಾಸು ಹೆಗಲಿಗೆ ನೇತುಹಾಕಿಕೊಂಡು ತಾನೇ ಬಂದು, ಸೀಸೆಯನ್ನು ಅದರೊಳಗೆ ಹುಗಿದು, ಬಸ್ಸಿನಲ್ಲಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದಳು. ಬಂದಾಗಲೆಲ್ಲ "ಅಕ್ಕಾರ, ಅರಾಮ ಇದ್ದೀರೇನ್ರಿ?" ಎಂದು ಬಾಗಿಲಿನಿಂದಲೇ ಕೂಗುವಳು.

ಅವಳು ಅಭ್ಯಾಸ ಮಾಡುತ್ತಿದ್ದದ್ದು ಮೇಕೆಯ ಪಿತ್ತಜನಕಾಂಗದ ಒಂದು ಎಂಜೈಮು. ಲಿಂಗವಂತರ ಮನೆ ಹುಡುಗಿ, ಮೊಟ್ಟೆ ಹಾಕಿದ ಕೇಕು ಕೂಡ ಮುಟ್ಟದವಳು. ವಾರಕ್ಕೆರಡು ಸಲ ಬೆಳಗ್ಗೆ ಆರಕ್ಕೆ ಮಡಿವಾಳದ ಮಟನ್ ಅಂಗಡಿಯ ಮುಂದೆ ಐಸಿನ ಡಬ್ಬಿ ಹಿಡಿದು ನಿಲ್ಲಬೇಕಿತ್ತು. ಬಿಸಿ ಆರುವ ಮುಂಚೆ ಲಿವರ್ ಬೇಕು ಎಂದು ಕಟುಕನಿಗೆ ತಾಕೀತು. "ಅಂವಾ ನನ್ನ ಭಾಳ ದೊಡ್ಡ ತಿನ್ನಾಕಿ ಅಂತ ತಿಳದಾನ್ರಿ. 'ಮೇಡಂ, ಇವತ್ತು ತಲೆನೂ ಚೆನ್ನಾಗಿದೆ' ಅಂತಾನ್ರಿ" ಎಂದು ನಗುತ್ತಿದ್ದಳು. ನಾನು, "ಊರಿಗೆ ಹೋದಾಗ ಹೇಳು, ಮಗಳು ಬೆಂಗಳೂರಲ್ಲಿ ಲಿವರ್ ತರೋಕೆ ಹೋಗ್ತಾಳೆ ಅಂತ" ಎಂದು ರೇಗಿಸುತ್ತಿದ್ದೆ. "ಅಯ್ಯ ಬ್ಯಾಡ್ರಿ ಅಕ್ಕಾರ, ನಮ್ಮ ಅವ್ವ ಹೊಸ್ತಿಲ ದಾಟಿಸಂಗಿಲ್ಲ." ಮೊದಲ ಎರಡು ವರ್ಷ ಅವಳ ಕೆಲಸ ಚೆನ್ನಾಗಿ ಹೋಯಿತು. ಎಂಜೈಮು ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆಂಬ ಅಂಕಿಗಳು ಹೇಗೆ ಬೇಕೋ ಹಾಗೆ ಬಂದಿವೆ, ಇನ್ನು ಅವನ್ನೇ ಮೂರು ಸಲ ಮಾಡಿ ತೋರಿಸಿದರೆ ಪ್ರಬಂಧ ಬರೆಯಲು ಕೂರಬಹುದು ಎಂದು ಗೈಡ್ ಹೇಳಿದ್ದರಂತೆ. ಫೆಲೋಷಿಪ್ಪಿನ ಅವಧಿ ಇನ್ನೊಂದು ಎಂಟು ತಿಂಗಳಿತ್ತು.

ಆ ವರ್ಷ ಆಯುಧಪೂಜೆ ಬುಧವಾರ ಬಂದಿತ್ತು. ಏಜೆನ್ಸಿಯಲ್ಲಿ ಆಯುಧ ಅಂದರೆ ಏನು, ಒಂದು ಟೈಪ್‌ರೈಟರ್, ಒಂದು ತಕ್ಕಡಿ, ಸಾರ್ ಅವರ ಸ್ಕೂಟರ್, ಮತ್ತೆ ಫ್ರೀಜರ್. ಬೆಳಗ್ಗೆ ಒಂಬತ್ತಕ್ಕೇ ಫ್ರೀಜರಿನ ಪ್ಲಗ್ ಕಿತ್ತು, ಸೀಸೆಗಳನ್ನೆಲ್ಲ ಐಸು ತುಂಬಿದ ಥರ್ಮೊಕೋಲ್ ಪೆಟ್ಟಿಗೆಗೆ ಹಾಕಿ, ಒಳಗಿನ ಹಿಮ ಕೆರೆದು ತೆಗೆದು ಒರೆಸಿದೆ. ಪ್ರತಿ ವರ್ಷದ ಕ್ರಮ ಅದು. ಗಂಟೆ ಎರಡು ಗಂಟೆಯಲ್ಲಿ ಮುಗಿದುಹೋಗುತ್ತಿತ್ತು, ಮತ್ತೆ ಪ್ಲಗ್ ಹಾಕಿ, ತಣ್ಣಗಾದ ಮೇಲೆ ಸೀಸೆಗಳನ್ನು ಒಳಗಿಟ್ಟರೆ ಆಯಿತು. ಅಜ್ಜಿ ಆ ಸಲ ತಾವೇ ಪೂಜೆ ಮಾಡುತ್ತೇನೆಂದು ಬಂದರು. ದನ ಕಟ್ಟುತ್ತಿದ್ದ ಜಾಗ, ಅವರಿಗೆ ಅದರ ಮೇಲೆ ಹಕ್ಕಿತ್ತು. ಫ್ರೀಜರಿನ ಮುಚ್ಚಳ ಎತ್ತಿ ನೋಡಿ, "ಬರೀ ಪೆಟ್ಗೆಗೆ ಪೂಜೆ ಮಾಡಬಾರ್ದು ಕಣವ್ವ, ಒಳಗೆ ಏನಿತ್ತೋ ಅದನ್ನ ಮಡಗು" ಅಂದರು. ಸರಿ, ಎಲ್ಲವನ್ನೂ ಒಳಗಿಟ್ಟೆ. ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಬೂದುಗುಂಬಳಕಾಯಿ ಒಡೆಯುವ ಹೊತ್ತಿಗೆ ಹನ್ನೆರಡಾಗಿತ್ತು. ಸಾರ್ ಪುರಿ ಪೊಟ್ಟಣ ಹಿಡಿದುಕೊಂಡು, "ಆನ್ ಮಾಡಿ ಬೀಗ ಹಾಕ್ಕೊಂಡು ಹೋಗಿ ಮೇಡಂ" ಎಂದು ಸ್ಕೂಟರ್ ಹತ್ತಿದರು.

ನಾನು ಪ್ಲಗ್ ಕೈಗೆತ್ತಿಕೊಂಡೆ. ಅಜ್ಜಿ ನನ್ನ ಕೈ ಹಿಡಿದರು.

"ಈಗ ಬ್ಯಾಡ. ಬುದ್ವಾರ ಹನ್ನೆರಡರಿಂದ ಒಂದೂವರೆ ರಾವುಕಾಲ. ಪೂಜೆ ಮಾಡಿದ್ದನ್ನ ರಾವುಕಾಲದಲ್ಲಿ ಸುರು ಮಾಡ್ತಾರಾ ಯಾರಾದ್ರೂವೆ?"

"ಅಜ್ಜಿ, ಒಳಗಿರೋದು ಕೆಟ್ಟೋಗತ್ತೆ."

"ಒಂದೂವರೆ ಗಂಟೆಗೆ ಏನೂ ಆಗಲ್ಲ ಬುಡವ್ವ. ಕೂತ್ಕೋ, ಊಟ ಮಾಡೀವಂತೆ."

ಅಜ್ಜಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇನ್ನೂ ಒಂದೂವರೆ ಗಂಟೆ ಮುಚ್ಚಳ ತೆಗೆಯದೆ ಇದ್ದರೆ ನಡೆಯುತ್ತಿತ್ತು, ಅಕ್ಕಪಕ್ಕ ಐಸಿನ ಪ್ಯಾಕುಗಳನ್ನು ಇಟ್ಟಿದ್ದೆ. ನನಗೆ ಹೊಟ್ಟೆ ಹಸಿದಿತ್ತು, ಬನಶಂಕರಿಯಲ್ಲಿ ಅಕ್ಕನ ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದರು, ಬಸ್ಸುಗಳು ಆ ದಿನ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನನ್ನ ಫ್ರೀಜರಿಗೆ ಬೇರೆಯವರು ಗಂಟೆ ಗೊತ್ತು ಮಾಡುವುದು ಅಂದರೆ ಏನು ಎಂಬ ಸಿಟ್ಟು ಎಲ್ಲಕ್ಕಿಂತ ಮೇಲೆ. ಪ್ಲಗ್ಗನ್ನು ಅಲ್ಲೇ ನೆಲಕ್ಕೆ ಬಿಸಾಕಿ, "ಹಂಗಾದ್ರೆ ನೀವೇ ಹಾಕ್ಕೊಳ್ಳಿ ಅಜ್ಜಿ, ನಾನ್ ಹೊರಟೆ" ಅಂದೆ. "ಆಗ್ಲಿ ತಾಯಿ, ಹಾಕ್ತೀನಿ ಓಗು" ಎಂದು ಅವರು ನಕ್ಕರು. ಹಬ್ಬದ ದಿನ ಹಿರಿಯರ ಹತ್ತಿರ ಹಾಗೆ ಮಾತಾಡಿದೆನಲ್ಲ ಎಂದು ಬಸ್ಸಿನಲ್ಲಿ ಕೂತ ಮೇಲೆ ಸ್ವಲ್ಪ ಬೇಜಾರಾಯಿತು. ಫ್ರೀಜರ್ ನೆನಪಾಗಲಿಲ್ಲ.

ಗುರುವಾರ ವಿಜಯದಶಮಿ, ರಜೆ. ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ಹೋಗಿ ಹಿಂದಿನ ಕೋಣೆಯ ಬಾಗಿಲು ತೆಗೆದರೆ ಸದ್ದಿಲ್ಲ. ಸದಾ ಗುಂಯ್ ಅನ್ನುತ್ತಿದ್ದ ಯಂತ್ರ ಹೂವಿನ ಹಾರ ಹಾಕಿಕೊಂಡು ಸುಮ್ಮನೆ ನಿಂತಿತ್ತು. ಗೋಡೆಯ ಸ್ವಿಚ್ ನೋಡಿದೆ, ಆನ್ ಆಗಿತ್ತು. ಅಜ್ಜಿ ಮಾತು ಉಳಿಸಿಕೊಂಡಿದ್ದರು, ರಾಹುಕಾಲ ಕಳೆದ ಮೇಲೆ ಬಂದು ಸ್ವಿಚ್ ಒತ್ತಿ ಹೋಗಿದ್ದರು. ಪ್ಲಗ್ ನಾನು ಬಿಸಾಕಿದ ಜಾಗದಲ್ಲೇ, ನೆಲದ ಮೇಲೆ ಬಿದ್ದಿತ್ತು.

ಮುಚ್ಚಳ ಎತ್ತಿದೆ. ತಳದಲ್ಲಿ ನೀರು ನಿಂತಿತ್ತು, ಅದರಲ್ಲಿ ಕುಂಕುಮ ಕರಗಿ ಕೆಂಪಾಗಿತ್ತು. ದ್ರವದ ಎಂಜೈಮುಗಳು ಆ ವಾರ ಸ್ಟಾಕಿನಲ್ಲಿರಲಿಲ್ಲ, ಇದ್ದವೆಲ್ಲ ಪುಡಿಗಳೇ. ಸದ್ಯ, ಎಂದುಕೊಂಡೆ. ಒಂದೊಂದೇ ಸೀಸೆ ಒರೆಸಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಎಲ್ಲ ಮುಂಚಿನ ಹಾಗೇ ಕಂಡವು. ಎನ್‌ಎಡಿಪಿಎಚ್ ಸೀಸೆ ಎರಡಿದ್ದವು. ಎರಡರಲ್ಲೂ ಪುಡಿ ತಳದಲ್ಲಿ ಗಂಟು ಕಟ್ಟಿತ್ತು. ಅಂಗೈಗೆ ಎರಡು ಸಲ ತಟ್ಟಿದೆ, ಗಂಟು ಬಿಟ್ಟುಕೊಂಡಿತು. ಮತ್ತೆ ಪುಡಿಯ ಹಾಗೇ ಕಾಣಿಸಿತು.

ಆಮೇಲೆ ಪುಸ್ತಕ ತೆಗೆದೆ. ಬುಧವಾರ ಬೆಳಗಿನದು ಮೈನಸ್ ಇಪ್ಪತ್ತು ಎಂದು ಆಗಲೇ ಇತ್ತು. ಸಂಜೆಯ ಜಾಗದಲ್ಲಿ ಮೈನಸ್ ಇಪ್ಪತ್ತೊಂದು ಎಂದು ಬರೆದೆ. ಗುರುವಾರ, ರಜೆ. ಶುಕ್ರವಾರ ಬೆಳಗ್ಗೆ, ಮೈನಸ್ ಹತ್ತೊಂಬತ್ತು. ಎಲ್ಲ ಕಡೆ ಇಪ್ಪತ್ತು ಅಂತ ಬರೆದರೆ ಅನುಮಾನ ಬಂದೀತೆಂದು ಒಂದೊಂದು ಡಿಗ್ರಿ ಆಚೀಚೆ ಮಾಡಿದೆ. ಅಷ್ಟು ಬುದ್ಧಿ ಆಗ ಓಡಿತು. ಪೆನ್ನು ಕೂಡ ಬೇರೆ ಬೇರೆ ತಗೊಂಡೆ. ಸಾರ್ ಹತ್ತೂವರೆಗೆ ಬರುವ ಹೊತ್ತಿಗೆ ಫ್ರೀಜರ್ ಗುಂಯ್ ಅನ್ನುತ್ತಿತ್ತು. ಮಧ್ಯಾಹ್ನ ಅಜ್ಜಿ ಇಣುಕಿ, "ನೀನೇಳ್ದಂಗೆ ಸ್ವಿಚ್ ಆಕ್ದೆ ಕಣವ್ವ, ಸರಿಯಾಯ್ತಾ?" ಅಂದರು. "ಸರಿಯಾಯ್ತು ಅಜ್ಜಿ" ಅಂದೆ.

ಸಾರ್‌ಗೆ ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಒಂದು ದಿನ ಮುಖ ಗಂಟು ಹಾಕಿಕೊಂಡಿರುತ್ತಿದ್ದರು. ಆ ಸೀಸೆಗಳನ್ನು ಬಿಸಾಕಿ ಹೊಸದು ತರಿಸುತ್ತಿದ್ದರು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ನನಗಿರಲಿಲ್ಲ, ಆ ನೆಪವೂ ನನಗಿಲ್ಲ. ಗಿರಾಕಿಗಳ ಮುಂದೆ ಅವರು ಆ ಪುಸ್ತಕ ತೆಗೆದು ತೋರಿಸುವುದು ನಿಂತುಹೋಗುತ್ತದಲ್ಲ, ಅದು ನನಗೆ ತಡೆಯದಾಗಿತ್ತು. ಅಷ್ಟೇ ಕಾರಣ.

ದೀಪಾವಳಿ ಕಳೆದ ಮೇಲೆ ಅವಳು ಬಂದಳು. ಊರಿನಿಂದ ತಂದ ಶೇಂಗಾ ಹೋಳಿಗೆ ನನ್ನ ಕೈಗಿಟ್ಟು, ಥರ್ಮಾಸಿನ ಮುಚ್ಚಳ ತಿರುಗಿಸುತ್ತ, "ಇದೊಂದ ಸೀಸೆ ಅಕ್ಕಾರ, ಇದರಾಗ ಮೂರೂ ಸಲದ್ದು ಮುಗಸ್ತೀನಿ. ಆಮ್ಯಾಲೆ ಬರೆಯೂದು ಅಷ್ಟ" ಅಂದಳು. ನಾನು ಫ್ರೀಜರಿನಿಂದ ಸೀಸೆ ತೆಗೆದು ಕೊಟ್ಟೆ. ಒಣ ಪುಡಿ, ಎರಡು ದಿನದಲ್ಲಿ ಏನಾದೀತು, ಬೇರೆ ಯಾರಿಂದಲೂ ದೂರು ಬಂದಿಲ್ಲವಲ್ಲ ಎಂದು ನನ್ನನ್ನು ನಾನೇ ಆಗಲೇ ನಂಬಿಸಿಕೊಂಡಿದ್ದೆ. ಹೋಳಿಗೆ ಚೆನ್ನಾಗಿತ್ತು, ಎರಡು ತಿಂದೆ.

ಮೂರು ವಾರಕ್ಕೆ ಮತ್ತೆ ಬಂದಳು. ಈ ಸಲ ಬಾಗಿಲಿನಿಂದ ಕೂಗಲಿಲ್ಲ. ಎಂಜೈಮು ಮೊದಲಿನ ಅರ್ಧದಷ್ಟೂ ಕೆಲಸ ಮಾಡುತ್ತಿಲ್ಲ, ಒಂದು ದಿನದ ಅಂಕಿ ಇನ್ನೊಂದು ದಿನಕ್ಕೆ ಹೊಂದುತ್ತಿಲ್ಲ ಎಂದಳು. ಲಿವರ್ ಹಳೆಯದಿರಬೇಕೆಂದು ಮೂರು ಅಂಗಡಿ ಬದಲಾಯಿಸಿದ್ದಳಂತೆ. ನೀರು ಬದಲಾಯಿಸಿದಳು, ಗಾಜಿನ ಸಾಮಾನನ್ನೆಲ್ಲ ಮತ್ತೆ ತೊಳೆದಳು. ಪುಡಿಯನ್ನು ನೀರಲ್ಲಿ ಕರಗಿಸಿ, ಬೆಳಕು ಹಾಯಿಸಿ ಅಳೆಯುವ ಮೀಟರಿನಲ್ಲಿಟ್ಟಾಗ ಸ್ವಲ್ಪ ಕಡಿಮೆ ತೋರಿಸಿತೆಂದು ಇನ್ನಷ್ಟು ಹಾಕಿ ನೋಡಿದಳು. ಆಗ ಇನ್ನೂ ಕೆಟ್ಟದಾಯಿತಂತೆ. ಕಂಪನಿಯವರು ಪೆಟ್ಟಿಗೆಯ ಜೊತೆ ಕಳಿಸುವ ಕಾಗದವನ್ನು ನಾನು ಓದಿದ್ದೆ. ತೇವ ತಗುಲಿದರೆ ಆ ಪುಡಿ ಬರೀ ಸಾಯುವುದಿಲ್ಲ, ಎಂಜೈಮಿನ ಕೆಲಸವನ್ನೇ ತಡೆಯುವ ಇನ್ನೊಂದು ಪದಾರ್ಥ ಅದರೊಳಗೆ ಹುಟ್ಟಿಕೊಳ್ಳುತ್ತದೆ. ಹೆಚ್ಚು ಹಾಕಿದಷ್ಟೂ ಹೆಚ್ಚು ತಡೆ.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಪುಡಿ ಸರಿ ಐತಲ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಎದ್ದುನಿಂತು ಅವಳ ಮೇಲೆ ಹರಿಹಾಯ್ದೆ. "ನಿನ್ ಕೈಯಲ್ಲಿ ಆಗದೆ ಇದ್ರೆ ನನ್ ಫ್ರೀಜರ್ ಮೇಲೆ ಹಾಕ್ಬೇಡ! ಇಷ್ಟು ವರ್ಷದಲ್ಲಿ ಒಬ್ರು ಒಂದು ಮಾತು ಅಂದಿಲ್ಲ. ನೋಡು, ನೀನೇ ನೋಡ್ಕೋ" ಎಂದು ಪುಸ್ತಕ ತೆಗೆದು ಮೇಜಿನ ಮೇಲೆ ಕುಕ್ಕಿದೆ. ಅವಳು ಪುಟ ತಿರುಗಿಸಿದಳು. ಮೈನಸ್ ಇಪ್ಪತ್ತು, ಮೈನಸ್ ಇಪ್ಪತ್ತೊಂದು, ರಜೆ, ಮೈನಸ್ ಹತ್ತೊಂಬತ್ತು. ಅವಳ ಬೆರಳು ಆ ಸಾಲುಗಳ ಮೇಲೆ ಹಾದುಹೋದದ್ದನ್ನು ನೋಡಿದೆ. ಕಣ್ಣಲ್ಲಿ ನೀರು ತುಂಬಿಕೊಂಡು, "ನನ್ನ ತಪ್ಪಾತ್ರಿ ಅಕ್ಕಾರ. ಕೇಳಬಾರದಿತ್ತು" ಎಂದು ಪುಸ್ತಕ ಮುಚ್ಚಿದಳು.

ಆಮೇಲೆ, ಇನ್ನೊಂದು ಸೀಸೆ ಕೊಡುತ್ತೀರಾ ಎಂದು ಕೇಳಿದಳು. ಖರೀದಿಗೆ ಸಂಸ್ಥೆಗೆ ಹೊಸದಾಗಿ ಬರೆದು ಒಪ್ಪಿಗೆ ತರಲು ಅವಳಿಗೆ ಸಮಯವಿರಲಿಲ್ಲ, ಹೊರದೇಶದಿಂದ ತರಿಸಲು ಎರಡು ತಿಂಗಳಾದರೂ ಬೇಕು. ನನಗೆ ಸಿಕ್ಕ ಕೊನೆಯ ಅವಕಾಶ ಅದು. ಇಲ್ಲ, ಸ್ಟಾಕ್ ಮುಗಿದಿದೆ, ಹೊಸದು ಬರುವವರೆಗೆ ಕಾಯಿ ಅಂದಿದ್ದರೆ ಸಾಕಿತ್ತು, ಸುಳ್ಳಾದರೂ ಒಳ್ಳೆಯ ಸುಳ್ಳಾಗುತ್ತಿತ್ತು. ಆದರೆ ಎರಡು ನಿಮಿಷದ ಮುಂಚೆ ನನ್ನ ಪುಡಿ ಚಿನ್ನ ಎಂದು ಕೂಗಾಡಿದ್ದೆ, ಸ್ಟಾಕಿನ ಪಟ್ಟಿ ಗೋಡೆಯ ಮೇಲೆ ಅವಳ ಕಣ್ಣೆದುರಿಗೇ ಇತ್ತು. ಅದೇ ಪೆಟ್ಟಿಗೆಯ ಎರಡನೇ ಸೀಸೆ ತೆಗೆದು ಕೊಟ್ಟೆ. ಸಾರ್‌ಗೆ ಹೇಳಿ ಇದನ್ನು ಸ್ಯಾಂಪಲ್ ಎಂದು ಬರೆಸುತ್ತೇನೆ, ಬಿಲ್ಲು ಬೇಡ ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

ಎರಡು ಸೀಸೆಗಳೂ ಒಂದೇ ಮಾತು ಹೇಳಿದ್ದರಿಂದ ಗೈಡ್ ಒಂದು ತೀರ್ಮಾನಕ್ಕೆ ಬಂದರು. ಪುಡಿ ಸರಿಯಿದೆ, ಎಂಜೈಮಿನ ಗುಣವೇ ಇಷ್ಟು. ಹಾಗಾದರೆ ಮೊದಲ ಎರಡು ವರ್ಷದ ಚಂದದ ಅಂಕಿಗಳು ಎಲ್ಲಿಂದ ಬಂದವು? ಇದನ್ನು ಅವಳು ನನಗೆ ಫೋನಿನಲ್ಲಿ ಹೇಳಿದಳು, ಸಂಸ್ಥೆಯ ಹೊರಗಿನ ಎಸ್‌ಟಿಡಿ ಬೂತಿನಿಂದ. "ನಾ ಅಂಕಿ ಹುಟ್ಟಿಸಿ ಬರದೀನಿ ಅಂತಾರ್ರಿ ಅಕ್ಕಾರ." ಅಳುತ್ತಿರಲಿಲ್ಲ, ದನಿ ಬರೀ ಸಣ್ಣದಾಗಿತ್ತು. ನಾನು ಕೂತಿದ್ದ ಮೇಜಿನ ಎಡಕ್ಕೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಫ್ರೀಜರಿನ ಪುಸ್ತಕ ಇತ್ತು. ಅಂಕಿ ಹುಟ್ಟಿಸಿ ಬರೆದವಳು ನಾನು. ಆ ಮಾತು ಗಂಟಲಿಗೆ ಬಂದದ್ದು ನಿಜ. "ಎಲ್ಲ ಸರಿಹೋಗತ್ತೆ, ಧೈರ್ಯವಾಗಿರು" ಎಂದು ಫೋನಿಟ್ಟೆ.

ಸರಿಹೋಗಲಿಲ್ಲ. ಬೇಸಿಗೆಯಲ್ಲಿ ಅವಳ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಅದೇ ಲ್ಯಾಬಿನಿಂದ ಇನ್ನೊಂದು ವಸ್ತು ಒಯ್ಯಲು ಬಂದ ಅಟೆಂಡರ್, "ಆ ಬಿಜಾಪುರದ ಮೇಡಂ ಬಿಟ್ಟೋದ್ರು" ಎಂದು ಹೇಳಿದ. ಊರಿಗೆ ಹೋಗಿರಬೇಕು ಎಂದುಕೊಂಡೆ. ನೂರಾರು ಮೈಲಿ ದೂರ, ವಿಳಾಸ ಗೊತ್ತಿಲ್ಲ, ಹೋಗಿ ಹೇಳುವುದಾದರೂ ಹೇಗೆ? ಹೀಗೆ ಯೋಚಿಸಿದಾಗಲೆಲ್ಲ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಬಿಟಿಎಂನ ಆ ಮಾಳಿಗೆ ಮನೆಯ ವಿಳಾಸ ಅವಳ ಹಳೇ ಆರ್ಡರ್ ಫಾರ್ಮಿನಲ್ಲಿತ್ತು. ಅಲ್ಲಿ ಹೋಗಿ ವಿಚಾರಿಸಬಹುದಿತ್ತು. ಹೋಗಲಿಲ್ಲ.

ವರ್ಷಗಳು ಕಳೆದವು. ಅಜ್ಜಿ ತೀರಿಕೊಂಡರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಹೊಸ ಫ್ರೀಜರ್ ಬಂತು, ಡಿಗ್ರಿಗಳನ್ನು ಅದೇ ಬರೆದಿಟ್ಟುಕೊಳ್ಳುತ್ತಿತ್ತು. ನನ್ನ ಪುಸ್ತಕ ಯಾರಿಗೂ ಬೇಡವಾಯಿತು. ಆಯುಧಪೂಜೆ ಹತ್ತಿರ ಬಂದರೆ ನನಗೆ ಊಟ ಸೇರುತ್ತಿರಲಿಲ್ಲ, ಮನೆಯವರಿಗೆ ಪಿತ್ತ ಎಂದು ಹೇಳುತ್ತಿದ್ದೆ. ಒಳ್ಳೆಯ ಹೆಂಗಸಾಗಿ ಬದುಕಬಹುದಿತ್ತು ನಾನು, ಒಂದು ಪ್ಲಗ್ಗಿನಷ್ಟೇ ದೂರದಲ್ಲಿತ್ತು ಅದು. ಪ್ಲಗ್ಗು ಕೂಡ ಅಲ್ಲ. ಪ್ಲಗ್ಗಿನದು ಸಿಟ್ಟು, ಮರೆವು, ಯಾರಿಗಾದರೂ ಆಗುತ್ತದೆ. ಆಮೇಲಿನದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಏಳು ವರ್ಷದ ಮೇಲೆ, ಒಂದು ಭಾನುವಾರ ಬೆಳಗ್ಗೆ ಜಯನಗರದ ಕಾಂಪ್ಲೆಕ್ಸಿನ ತರಕಾರಿ ಅಂಗಡಿಗಳ ಸಾಲಿನಲ್ಲಿ ಹೀರೇಕಾಯಿ ಆರಿಸುತ್ತಿದ್ದೆ. ಹಿಂದಿನಿಂದ "ಅಕ್ಕಾರ!" ಎಂಬ ಕೂಗು. ತಿರುಗುವ ಮುಂಚೆಯೇ ಗೊತ್ತಾಯಿತು. ಸ್ವಲ್ಪ ದಪ್ಪವಾಗಿದ್ದಳು, ಕನ್ನಡಕ ಬಂದಿತ್ತು. ನನ್ನ ಚೀಲ ಕಿತ್ತುಕೊಂಡು, ಮನೆಗೆ ಬರಲೇಬೇಕು, ಊಟ ಮಾಡಿಯೇ ಹೋಗಬೇಕು ಎಂದು ಹಟ ಹಿಡಿದಳು. ಊರಿಗೆ ಹೋಗಿರಲೇ ಇಲ್ಲ. ಬಿಟಿಎಂನಲ್ಲೇ ಒಂದು ಕಚೇರಿಯಲ್ಲಿ, ಅಮೆರಿಕದ ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಟೈಪು ಮಾಡುವ ಕೆಲಸ ಮಾಡುತ್ತಿದ್ದಳು. "ಲಿವರ್ ಅಂತ ಬಂದ್ರ ನನ್ನ ಕೈ ತಾನ ನಿಂದರ್ತೈತ್ರಿ" ಎಂದು ನಕ್ಕಳು. ನನಗೆ ನಗಲಾಗಲಿಲ್ಲ.

ಮನೆಯೂ ಬಿಟಿಎಂನಲ್ಲೇ, ಮೂರನೇ ಮಹಡಿಯ ಕೋಣೆ. ಜೊತೆಗಿದ್ದ ಗೆಳತಿ ಬಾಗಿಲು ತೆಗೆದಳು. ಅವಳಿಗೆ ನನ್ನ ಪರಿಚಯ ಹೇಳಿದ ರೀತಿ ನೋಡಿ: "ನಾ ಹೇಳತಿದ್ನಲ್ಲ, ಇವರ ನೋಡ ಆ ಅಕ್ಕಾರು. ಎಲ್ಲಾರೂ ನನ್ನ ಸುಳ್ಳಿ ಅಂದಾಗ, ಬಿಲ್ಲ ಸಹಿತ ಇಲ್ದ ಇನ್ನೊಂದ ಸೀಸೆ ಕೊಟ್ಟಾಕಿ. ಇಡೀ ಬೆಂಗಳೂರಾಗ ನನಗ ಆಸರಾದವರು ಇವರೊಬ್ಬರ." ಗೆಳತಿ ನನಗೆ ಕೈಮುಗಿದು, ಭಾನುವಾರವೂ ತನಗೆ ಪಾಳಿಯಿದೆ ಎಂದು ಹೊರಟಳು. ನಾನು ಕುರ್ಚಿಯಲ್ಲಿ ಕೂತೆ. ಅವಳು ಒಳಗೆ ಚಹಾಕ್ಕಿಡುತ್ತ ಏನೋ ಹೇಳುತ್ತಿದ್ದಳು. ಬೈದಿದ್ದರೆ ನಾನು ಆ ದಿನವೂ ಬಾಯಿ ಬಿಡುತ್ತಿರಲಿಲ್ಲವೇನೋ. ಈ ಋಣವನ್ನು ಹೊತ್ತುಕೊಂಡು ಆ ಮೆಟ್ಟಿಲು ಇಳಿಯುವುದು ಮಾತ್ರ ನನ್ನಿಂದಾಗಲಿಲ್ಲ.

"ಅದು ಕೆಟ್ಟ ಪುಡಿ ಕಣೇ" ಅಂದೆ. "ಎರಡೂ ಕೆಟ್ಟಿದ್ವು. ನನಗೆ ಗೊತ್ತಿತ್ತು."

ಅವಳು ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ನಾನು ಎಲ್ಲ ಹೇಳಿದೆ. ಪೂಜೆ, ರಾಹುಕಾಲ, ಬಿಸಾಕಿದ ಪ್ಲಗ್ಗು. ಅವಳು ಅಳಲಿಲ್ಲ, ಕೂಗಲಿಲ್ಲ. ಎದುರಿಗೆ ಕೂತು, ಲ್ಯಾಬಿನಲ್ಲಿ ಕೇಳುವ ಹಾಗೆ ಒಂದೊಂದೇ ಕೇಳಿದಳು.

"ಎಷ್ಟ ತಾಸ ಬಂದ್ ಇತ್ರಿ?"

"ಬುಧವಾರ ಒಂಬತ್ತರಿಂದ ಶುಕ್ರವಾರ ಒಂಬತ್ತೂವರೆ."

"ನಲವತ್ತೆಂಟೂವರಿ. ನೀರ ನಿಂತಿತ್ತೇನ್ರಿ ಒಳಗ?"

"ನಿಂತಿತ್ತು."

"ಗಂಟ ಕಟ್ಟಿತ್ತೇನ್ರಿ?"

"ಕಟ್ಟಿತ್ತು. ತಟ್ಟಿ ಬಿಡಿಸಿದೆ."

"ಪುಸ್ತಕದಾಗ ಮೈನಸ್ ಇಪ್ಪತ್ತೊಂದ ಇತ್ತಲ್ರಿ. ನಾ ಓದೀನಿ."

"ನಾನೇ ಹುಟ್ಟಿಸಿ ಬರೆದೆ."

ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ನನ್ನನ್ನು ನೋಡದೆ ಹೇಳಿದಳು. ಬಿಟ್ಟು ಹೋಗುವ ಮುಂಚೆ ಗೈಡ್ ಅವಳಿಂದ ಒಂದು ಕಾಗದ ಬರೆಸಿಕೊಂಡಿದ್ದರಂತೆ. ಮೊದಲ ಎರಡು ವರ್ಷದ ಅಂಕಿಗಳನ್ನು ನಂಬಬಾರದು, ತಪ್ಪು ನನ್ನದು ಎಂದು. ಬರೆದುಕೊಟ್ಟರೆ ಸರ್ಟಿಫಿಕೇಟುಗಳನ್ನು ಬೇಗ ಕೊಡುತ್ತೇವೆ ಎಂದಿದ್ದರು.

"ಬಿಡಸ್ಕೊಳ್ಳಾಕಂತ ಬರದೆ ಅಕ್ಕಾರ. ಆದ್ರ ಬರದ ಮ್ಯಾಲೆ ನಂಬಾಕ ಹತ್ತಿದೆ. ನಾನ ಆಶೆಕ್ಕ ಬಿದ್ದು ಮೀಟರ್‌ನ್ಯಾಗ ಹೆಚ್ಚ ಓದೀನೇನೋ ಅಂತ. ಅಪ್ಪ ಕೇಳಿದ್ರು, 'ಖರೇನ ಹಂಗ ಮಾಡಿಯೇನವಾ?' ಅಂತ. 'ಮಾಡಿರಬೇಕಪ್ಪಾ' ಅಂದೆ. ಅವತ್ತಿಂದ ಅವರು ನನ್ನ ಓದಿನ ಮಾತ ಎತ್ತಿಲ್ರಿ."

ನಾನು ಬರೆದುಕೊಡುತ್ತೇನೆ, ಸಹಿ ಹಾಕಿ ಸಂಸ್ಥೆಗೆ, ಗೈಡಿಗೆ, ನಿಮ್ಮಪ್ಪನಿಗೆ, ಯಾರಿಗೆ ಬೇಕಾದರೂ ಬರೆಯುತ್ತೇನೆ ಅಂದೆ. ಅವಳು ತಲೆಯಾಡಿಸಿದಳು. ಗೈಡ್ ನಿವೃತ್ತರಾಗಿ ಎಲ್ಲೋ ಹೋಗಿದ್ದರು. ಆ ಲ್ಯಾಬನ್ನೇ ಒಡೆದು ಬೇರೆ ಏನೋ ಮಾಡಿದ್ದರು. ಆ ಎಂಜೈಮಿನ ಕೆಲಸವನ್ನು ಆಮೇಲೆ ಬೇರೆ ಯಾರೋ ಬೇರೆ ಕಡೆ ಮಾಡಿ ಮುಗಿಸಿದ್ದರು. ಅವರ ಅಂಕಿಗಳು ತನ್ನ ಮೊದಲ ವರ್ಷದವುಗಳ ಹಾಗೇ ಇವೆಯೋ ಇಲ್ಲವೋ ಎಂದು ಅವಳು ನೋಡಿರಲಿಲ್ಲ. "ನೋಡಿ ಏನ್ ಮಾಡೂದ್ರಿ, ನಾನ ತಪ್ಪ ಅಂತ ಕುಂತಿದ್ದೆ" ಅಂದಳು.

ನಾನು ಅತ್ತೆ. ಅವಳು ಅಳದಿದ್ದಾಗ ನಾನು ಅಳುವುದು ಅಸಹ್ಯ ಎಂದು ಗೊತ್ತಿದ್ದರೂ ಅತ್ತೆ. ಅವಳು ಎದ್ದು ತಣ್ಣಗಾದ ಚಹಾ ಚೆಲ್ಲಿ, ಲೋಟ ತೊಳೆದು ಬೋರಲು ಹಾಕಿದಳು. ಊಟದ ಮಾತು ಮತ್ತೆ ಬರಲಿಲ್ಲ. ನಾನು ಚೀಲ ಎತ್ತಿಕೊಂಡಾಗ ಮೆಟ್ಟಿಲಿನವರೆಗೆ ಬಂದಳು, ಹಳೇ ಮರ್ಯಾದೆ.

"ಈಗ ಎಲ್ಲಿ ಕೆಲಸ ಮಾಡ್ತೀರಿ ಅಕ್ಕಾರ?"

"ಅಲ್ಲೇ. ಬಿಳೇಕಹಳ್ಳಿ."

"ಅದ ಆಫೀಸ್‌ನ್ಯಾಗ?"

"ಹೂಂ."

"ಈ ಏಳೂ ವರ್ಷ ಅಲ್ಲೇ ಇದ್ರೇನ್ರಿ?"

ಹೌದು ಎಂದು ತಲೆಯಾಡಿಸಿದೆ. ಅವಳು ಕಟಕಟೆ ಹಿಡಿದು ಕೆಳಗೆ ರಸ್ತೆಯ ಕಡೆ ನೋಡುತ್ತಿದ್ದಳು.

"ನಾ ಮೂರ ಮನಿ ಬದಲ ಮಾಡಿದ್ನ್ರಿ. ಮೂರೂ ಇಲ್ಲೇ ಬಿಟಿಎಂನ್ಯಾಗ. ಇಲ್ಲಿಂದ ನಿಮ್ಮ ಆಫೀಸಿಗೆ ನಡದ್ರ ಅರ್ಧ ತಾಸ ಹಿಡಿಯಂಗಿಲ್ರಿ."

ನಾನು ಕೆಳಗಿಳಿದೆ. ಸ್ಟಾಪಿನಲ್ಲಿ ಬಸ್ಸು ನಿಂತಿತ್ತು, ಹತ್ತಲಿಲ್ಲ. ಹೀರೇಕಾಯಿಯ ಚೀಲ ಹಿಡಿದುಕೊಂಡು ಬಿಸಿಲಿನಲ್ಲಿ ಬಿಳೇಕಹಳ್ಳಿಯ ಆಫೀಸಿನ ಗೇಟಿನವರೆಗೆ ನಡೆದೇ ಹೋದೆ. ಇಪ್ಪತ್ತೆರಡು ನಿಮಿಷವಾಯಿತು.